ಪಟ್ಟಿಯ ಸ್ಥಾನ ಬೇರೆ, ಹಾಡಿನ ಯೋಗ್ಯತೆ ಬೇರೆ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ತೊಂಬತ್ತರ ದಶಕದ ಕೊನೆಯ ಪಾಪ್ ಹಾಡುಗಳನ್ನು ಕುರಿತು ಪ್ರಕಟವಾದ ಲೇಖನವನ್ನೂ, ಅದಕ್ಕೆ ಓದುಗರೊಬ್ಬರು ಬರೆದ ಪ್ರತಿಕ್ರಿಯೆಯನ್ನೂ ಓದಿದ ಮೇಲೆ ಈ ಪತ್ರ ಬರೆಯಬೇಕೆನಿಸಿತು. ಲೇಖಕರು 1996ರಿಂದ 1999ರವರೆಗೆ ಅಮೆರಿಕ ಮತ್ತು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿದ ಹಾಡುಗಳನ್ನೇ ಆ ಕಾಲದ ಶ್ರೇಷ್ಠ ಹಾಡುಗಳೆಂದು ಗಣಿಸಿದ್ದಾರೆ. ಪ್ರತಿಕ್ರಿಯೆ ಬರೆದವರು ಅವೆಲ್ಲವೂ ಸ್ಟುಡಿಯೊ ಎಂಬ ಕಾರ್ಖಾನೆಯಿಂದ ಹೊರಬಿದ್ದ ಸರಕುಗಳೆಂದೂ, ಅವುಗಳ ಹಾವಳಿಯಿಂದಲೇ ನಮ್ಮ ಮಕ್ಕಳ ಕಿವಿ ಕೆಟ್ಟಿತೆಂದೂ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದಾರೆ. ಒಬ್ಬರು ಪಟ್ಟಿಯನ್ನು ನೋಡಿ ಹೊಗಳಿದ್ದಾರೆ, ಇನ್ನೊಬ್ಬರು ಹಾಡು ಹುಟ್ಟಿದ ಜಾಗವನ್ನು ನೋಡಿ ತೆಗಳಿದ್ದಾರೆ. ಹಾಡನ್ನು ಕೇಳಿ ಹೇಳಿದ ಮಾತು ಎರಡರಲ್ಲಿಯೂ ಕಡಿಮೆ ಎಂಬುದೇ ನನ್ನ ತಕರಾರು.

ಈ ವಿಷಯದಲ್ಲಿ ಮಾತಾಡಲು ನನಗಿರುವ ಅರ್ಹತೆ ಇಷ್ಟೇ: ಆ ವರ್ಷಗಳಲ್ಲಿ ನಾನು ಕಾರವಾರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮಾಜಾಳಿಯಿಂದ ಅಂಕೋಲೆಯವರೆಗೆ ಗಣೇಶೋತ್ಸವದ ಪೆಂಡಾಲು, ಊರ ಜಾತ್ರೆಯ ವೇದಿಕೆ, ಕ್ರೈಸ್ತರ ಮದುವೆಯ ರಿಸೆಪ್ಶನ್ ಎಂಬ ಭೇದವಿಲ್ಲದೆ ಕರೆದಲ್ಲಿಗೆ ಹೋಗುತ್ತಿದ್ದ ತಂಡ ನಮ್ಮದು. ಜನ ಕೇಳಿದ ಹಾಡನ್ನು ಕೊಡಲೇಬೇಕಾದ ಕಸುಬಾದ್ದರಿಂದ, ಇಷ್ಟವಿರಲಿ ಇಲ್ಲದಿರಲಿ, ಆ ಕಾಲದ ಪ್ರಸಿದ್ಧ ಪಾಪ್ ಹಾಡುಗಳನ್ನು ಕ್ಯಾಸೆಟ್ಟಿನಿಂದ ಕೇಳಿ ಕೇಳಿ ಬಿಡಿಸಿ ಕಲಿಯಬೇಕಾಗುತ್ತಿತ್ತು. ಹಾಗೆ ಕಲಿಯುವಾಗ ಡ್ರಮ್ ಯಂತ್ರ, ಪ್ರತಿಧ್ವನಿ, ಹಿನ್ನೆಲೆಯ ನಾಲ್ಕಾರು ದನಿಗಳು ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ರಾಗವೊಂದೇ ಉಳಿಯುತ್ತದೆ. ಮನೆಯ ಜಗಲಿಯಲ್ಲಿ ಕುಳಿತು ಒಂಟಿ ಹಾರ್ಮೋನಿಯಮ್ಮಿನಲ್ಲಿ ನುಡಿಸಿದಾಗಲೂ ಹಾಡು ನಿಲ್ಲುತ್ತದೆಯೇ ಎಂಬುದು ನನಗೆ ಅಂದಿಗೂ ಇಂದಿಗೂ ಮೊದಲ ಪರೀಕ್ಷೆ. ಈ ಪರೀಕ್ಷೆಯಲ್ಲಿ ಪಟ್ಟಿಯ ತಲೆಯ ಮೇಲಿದ್ದ ಕೆಲವು ಹಾಡುಗಳು ಬಿದ್ದುಹೋಗುತ್ತವೆ, ಪಟ್ಟಿಗೆ ಸೇರದ ಕೆಲವು ಗೆಲ್ಲುತ್ತವೆ.

ಮೊದಲು ಆ ಪಟ್ಟಿಯ ವಿಚಾರವನ್ನೇ ನೋಡೋಣ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ಸ್ಥಾನ ಪಡೆಯಬೇಕಾದರೆ, 1998ರ ಡಿಸೆಂಬರ್ ತಿಂಗಳವರೆಗೆ, ಹಾಡು ಬಿಡಿಯಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿರಲೇಬೇಕಿತ್ತು. ರೇಡಿಯೊದಲ್ಲಿ ಎಷ್ಟೇ ಸಲ ಪ್ರಸಾರವಾಗಿದ್ದರೂ, ಬಿಡಿ ಮುದ್ರಿಕೆ ಇಲ್ಲದಿದ್ದರೆ ಆ ಪಟ್ಟಿಯ ಮಟ್ಟಿಗೆ ಹಾಡೇ ಇಲ್ಲವೆಂದು ಲೆಕ್ಕ. ಬಿಡಿ ಹಾಡನ್ನು ಅಗ್ಗದಲ್ಲಿ ಕೊಟ್ಟರೆ ಜನ ಇಡೀ ಆಲ್ಬಮ್ ಕೊಳ್ಳುವುದಿಲ್ಲವೆಂದು ಎಣಿಸಿದ ಕಂಪನಿಗಳು ಬೇಕೆಂದೇ ಬಿಡಿ ಮುದ್ರಿಕೆಯನ್ನು ತಡೆಹಿಡಿಯುತ್ತಿದ್ದವು. ಇದರ ಫಲವಾಗಿ ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ ಅಮೆರಿಕದ ರೇಡಿಯೊ ಪ್ರಸಾರದ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿದ್ದರೂ ನೂರು ಹಾಡುಗಳ ಪಟ್ಟಿಯಲ್ಲಿ ಒಂದು ವಾರವೂ ಕಾಣಿಸಿಕೊಳ್ಳಲಿಲ್ಲ. ಗೂ ಗೂ ಡಾಲ್ಸ್ ತಂಡದ ‘ಐರಿಸ್’ ಪ್ರಸಾರದಲ್ಲಿ 18 ವಾರ ಮೊದಲಿಗನಾಗಿತ್ತು. ನಿಯಮ ಸಡಿಲವಾದ ಮೇಲೆ ಅದು ಮುಖ್ಯ ಪಟ್ಟಿಗೆ ಬಂದಾಗ 9ನೇ ಸ್ಥಾನ ದಾಟಲಿಲ್ಲ. ಬ್ರಿಟನ್ನಿನ ಪಟ್ಟಿಯಾದರೋ ಮಾರಾಟವನ್ನು ಮಾತ್ರ ಎಣಿಸುತ್ತಿತ್ತು. ಹೀಗಿರುವಾಗ ಎರಡೂ ದೇಶಗಳ ಪಟ್ಟಿಗಳನ್ನು ಒಟ್ಟಿಗೆ ಸೇರಿಸಿ, ಅದರ ಆಧಾರದ ಮೇಲೆ ಇದು ಶ್ರೇಷ್ಠ, ಇದು ಅಲ್ಲ ಎಂದು ಲೇಖಕರು ತೀರ್ಪು ಕೊಟ್ಟಿರುವುದು, ಜಾತ್ರೆಯಲ್ಲಿ ಯಾವ ಅಂಗಡಿಯ ಮುಂದೆ ಹೆಚ್ಚು ಚಪ್ಪಲಿಗಳಿವೆ ಎಂದು ಎಣಿಸಿ ಮಿಠಾಯಿಯ ರುಚಿ ಹೇಳಿದಂತಾಗಿದೆ.

ನಮ್ಮ ಕರಾವಳಿಯಲ್ಲಿ ಆ ಪಟ್ಟಿಗಳನ್ನು ನೋಡಿದವರಾದರೂ ಎಷ್ಟು ಮಂದಿ? ಕೇಬಲ್ ಇದ್ದ ಮನೆಗಳಲ್ಲಿ ಎಂಟಿವಿ, ಚಾನೆಲ್ ವಿ ಬರುತ್ತಿದ್ದವು, ಪಣಜಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ಗಡಿ ದಾಟಿ ನಮ್ಮವರೆಗೆ ಕೇಳಿಸುತ್ತಿತ್ತು. ಉಳಿದಂತೆ ಹಾಡು ತಲುಪುತ್ತಿದ್ದುದು ರೆಕಾರ್ಡಿಂಗ್ ಅಂಗಡಿಯಿಂದ. ಗಿರಾಕಿ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ಟಿನೊಡನೆ ಚೀಟಿಯಲ್ಲಿ ಹಾಡುಗಳ ಹೆಸರು ಬರೆದು ಕೊಟ್ಟು ಹೋಗುವುದು, ಎರಡು ದಿನ ಬಿಟ್ಟು ಬಂದು ಒಯ್ಯುವುದು ರೂಢಿ. ಬರೆದ ಹಾಡುಗಳು ಮುಗಿದ ಮೇಲೂ ಒಂದು ಬದಿಯಲ್ಲಿ ಮೂರೋ ನಾಲ್ಕೋ ನಿಮಿಷ ಟೇಪು ಉಳಿದರೆ ಅಂಗಡಿಯವರು ತಮಗೆ ಮೆಚ್ಚಿದ ಒಂದು ಹಾಡನ್ನು ಅದರಲ್ಲಿ ತುಂಬಿಸಿ ಕೊಡುತ್ತಿದ್ದರು. ಅದು ಹಕ್ಕುಸ್ವಾಮ್ಯದ ಕಾನೂನಿಗೆ ವಿರುದ್ಧವಾದ ವ್ಯಾಪಾರವೆಂಬುದರಲ್ಲಿ ಸಂಶಯವಿಲ್ಲ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆಸ್ಟ್ರೇಲಿಯಾದ ನಟಾಲಿ ಇಂಬ್ರೂಲಿಯಾ 1997ರಲ್ಲಿ ಹಾಡಿದ ‘ಟಾರ್ನ್’ ನನ್ನ ಕೈಗೆ ಬಂದದ್ದು ಹೀಗೆ ಬದಿಯ ಕೊನೆಯಲ್ಲಿ ತುಂಬಿಸಿದ ಹಾಡಾಗಿಯೇ. ಅದು ಆಕೆಯ ಸ್ವಂತ ಹಾಡಲ್ಲ. 1993ರಲ್ಲಿಯೇ ಡ್ಯಾನಿಶ್ ಭಾಷೆಯಲ್ಲಿ ಬಂದು, ಆಮೇಲೆ ಎಡ್ನಾಸ್ವಾಪ್ ಎಂಬ ಅಮೆರಿಕನ್ ತಂಡ ಹಾಡಿ, ಕೊನೆಗೆ ಈಕೆಯ ದನಿಯಲ್ಲಿ ಲೋಕಕ್ಕೆ ಗೊತ್ತಾದುದು. ಬ್ರಿಟನ್ನಿನಲ್ಲಿ 2ನೇ ಸ್ಥಾನದಲ್ಲಿಯೇ ನಿಂತಿತು. ಅಮೆರಿಕದಲ್ಲಿ ಮೇಲೆ ಹೇಳಿದ ನಿಯಮಕ್ಕೆ ಸಿಲುಕಿತು. ಆದುದರಿಂದ ನಿಮ್ಮ ಲೇಖಕರ ಎಣಿಕೆಯಲ್ಲಿ ಅದರ ಹೆಸರೇ ಇಲ್ಲ. ಗಿಟಾರಿನ ನಾಲ್ಕು ಕಾರ್ಡ್ಸ್ ಬಲ್ಲ ಯಾರು ಬೇಕಾದರೂ ಅದನ್ನು ನುಡಿಸಿ ನೋಡಲಿ: ಚರಣ ಮಾತಿನಂತೆ ಸಣ್ಣ ದನಿಯಲ್ಲಿ ಸಾಗಿ, ಪಲ್ಲವಿಗೆ ಬರುವಾಗ ಎಲ್ಲಿಯೂ ಎಳೆದಂತೆ ಕಾಣದೆ ತಾನಾಗಿ ಎತ್ತರಕ್ಕೇರುವ ಅಂಥ ರಾಗ ಆ ದಶಕದಲ್ಲಿ ಹೆಚ್ಚಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಲೇಖಕರು ಅಗ್ರಸ್ಥಾನ ಕೊಟ್ಟಿರುವ ‘ಕ್ಯಾಂಡಲ್ ಇನ್ ದ ವಿಂಡ್ 1997’. ಮೂರು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿದ್ದ ಹಾಡು ಅದು ಎಂಬುದು ನಿಜ. ಆದರೆ ಜನ ಕೊಂಡದ್ದು ಹಾಡನ್ನಲ್ಲ, ರಾಜಕುಮಾರಿ ಡಯಾನಾ ಅವರ ಸಾವಿನ ದುಃಖದಲ್ಲಿ ಒಂದು ಪಾಲನ್ನು. ಎಲ್ಟನ್ ಜಾನ್ ಅವರು 1997ರ ಸೆಪ್ಟೆಂಬರ್ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹಾಡಿದ ಆ ಪಾಠ, ಎಂದರೆ ಹಾಡಿನ ಆ ರೂಪ, ಮರ್ಲಿನ್ ಮನ್ರೊ ಅವರನ್ನು ನೆನೆದು 1973ರಲ್ಲಿ ಬಂದಿದ್ದ ಹಾಡಿಗೆ ಗೀತರಚನಕಾರ ಬರ್ನಿ ಟಾಪಿನ್ ತರಾತುರಿಯಲ್ಲಿ ಹೊಸ ಸಾಲುಗಳನ್ನು ಹೊಂದಿಸಿ ಕೊಟ್ಟದ್ದು. ಹಳೆಯದರಲ್ಲಿ ಒಬ್ಬ ಅಭಿಮಾನಿ ತಾನು ಎಂದೂ ಭೇಟಿಯಾಗದ ನಟಿಯ ಬಗ್ಗೆ ಸಂಕೋಚದಿಂದ ಆಡುವ ಮಾತಿದೆ. ಹೊಸದರಲ್ಲಿ ಶ್ರದ್ಧಾಂಜಲಿ ಸಭೆಯ ಭಾಷಣವಿದೆ. ರಾಗ ಅದೇ ಆದ್ದರಿಂದ ನನ್ನ ಹಾರ್ಮೋನಿಯಮ್ಮಿನ ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆಂದು ಯಾರಾದರೂ ವಾದಿಸಬಹುದು. ಗೆದ್ದದ್ದು 1973ರ ಹಾಡು. ಅದರ ಕೀರ್ತಿಯನ್ನು 1997ರ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಎಲ್ಟನ್ ಜಾನ್ ಅವರೇ ಆ ದಿನದ ನಂತರ ಈ ಹೊಸ ಪಾಠವನ್ನು ವೇದಿಕೆಯ ಮೇಲೆ ಹಾಡಲಿಲ್ಲ, ಹಳೆಯದನ್ನೇ ಹಾಡಿಕೊಂಡು ಬಂದರು.

ಇನ್ನು ಸೆಲೀನ್ ಡಿಯೋನ್ ಅವರ ‘ಮೈ ಹಾರ್ಟ್ ವಿಲ್ ಗೋ ಆನ್’. ‘ಟೈಟಾನಿಕ್’ ಚಿತ್ರದ ಈ ಹಾಡನ್ನು ಗೇಲಿ ಮಾಡುವುದು ಈಗ ಜಾಣತನದ ಲಕ್ಷಣವಾಗಿಬಿಟ್ಟಿದೆ, ನಿಮ್ಮ ಪ್ರತಿಕ್ರಿಯೆಯ ಓದುಗರೂ ಅದನ್ನೇ ಮಾಡಿದ್ದಾರೆ. 1998ರ ಮಳೆಗಾಲ ಕಳೆದು ಮದುವೆಯ ಹಂಗಾಮು ಶುರುವಾದಾಗ, ನಮ್ಮ ಕಡೆಯ ಯಾವ ಕ್ರೈಸ್ತ ಮದುವೆಯಲ್ಲಿಯೂ ಗ್ರ್ಯಾಂಡ್ ಮಾರ್ಚ್ ಎಂಬ ಮೆರವಣಿಗೆ ಮುಗಿದು ವಧೂವರರು ಮೊದಲ ನೃತ್ಯಕ್ಕೆ ನಿಂತ ಕೂಡಲೇ ಕೇಳಿಬರುತ್ತಿದ್ದ ಬೇಡಿಕೆ ಇದೊಂದೇ. ಪ್ರಿಯಕರ ತಣ್ಣೀರಿನಲ್ಲಿ ಮುಳುಗಿ ಸತ್ತ ಕಥೆಯ ಹಾಡಿಗೆ ಹೊಸ ಮದುಮಕ್ಕಳು ಕುಣಿಯುವುದು ಶುಭವೇ ಅಶುಭವೇ ಎಂದು ನಮ್ಮ ಬೇಸ್ ಗಿಟಾರಿನವರು ಒಮ್ಮೆ ಪಾದ್ರಿಯವರನ್ನೇ ಕೇಳಿದ್ದುಂಟು. ಅವರು ನಕ್ಕು ಊಟಕ್ಕೆ ಎದ್ದರು. ಈ ಹಾಡಿನ ಒಳಗಿನ ಕಟ್ಟಡವನ್ನು ಗಮನಿಸಬೇಕು. ಜೇಮ್ಸ್ ಹಾರ್ನರ್ ಅವರು ಚಿತ್ರದ ಹಿನ್ನೆಲೆ ಸಂಗೀತಕ್ಕಾಗಿ ಮಾಡಿದ ಸ್ವರಗಳ ಮೇಲೆ ವಿಲ್ ಜೆನ್ನಿಂಗ್ಸ್ ಸಾಹಿತ್ಯ ಬರೆದರು. ಚಿತ್ರದಲ್ಲಿ ಹಾಡೇ ಬೇಡವೆಂದಿದ್ದ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರಿಗೆ ತಿಳಿಸದೆಯೇ ಹಾರ್ನರ್ ಅದನ್ನು ಡಿಯೋನ್ ಅವರಿಂದ ಮಾದರಿಗೆಂದು ಹಾಡಿಸಿಟ್ಟುಕೊಂಡಿದ್ದರು. ಆರಂಭದಲ್ಲಿ ತಗಡಿನ ಪುಟ್ಟ ಕೊಳಲಿನಲ್ಲಿ ಬರುವ ಆ ಸ್ವರಗುಚ್ಛವನ್ನು ಸಂಗೀತದ ಗಂಧವಿಲ್ಲದವರೂ ಒಂದೇ ಸಲ ಕೇಳಿ ಶಿಳ್ಳೆ ಹಾಕಬಲ್ಲರು.

ಕೊನೆಯ ಪಲ್ಲವಿಗೆ ಬರುವಾಗ ಹಾಡು ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಬಿಳಿ ಮೂರರ ಶ್ರುತಿಯಿಂದ ಒಮ್ಮೆಲೇ ಕರಿ ನಾಲ್ಕಕ್ಕೆ ಹಾರುತ್ತದೆ. ಸಾಮಾನ್ಯವಾಗಿ ಪಾಪ್ ಹಾಡುಗಳು ಇಂಥ ಕಡೆ ಅರ್ಧ ಸ್ವರವೋ ಒಂದು ಸ್ವರವೋ ಮೇಲೇರುತ್ತವೆ. ಇಲ್ಲಿ ಏರುವುದು ನಾಲ್ಕು ಮನೆ, ಎಂದರೆ ಎರಡು ಪೂರ್ಣ ಸ್ವರ. ಕರಿ ಮನೆಗಳ ಶ್ರುತಿಯಲ್ಲಿ ಬೆರಳು ಆಡದ ನನ್ನಂಥವರು ಆ ಕ್ಷಣದಲ್ಲಿ ಎಡಗೈಯಿಂದ ಕೀಬೋರ್ಡಿನ ಶ್ರುತಿಯನ್ನು ಒಂದೊಂದೇ ಮನೆ ಏರಿಸುವ ಟ್ರಾನ್ಸ್‌ಪೋಸ್ ಗುಂಡಿಯನ್ನು ನಾಲ್ಕು ಸಲ ಒತ್ತಿ, ಬಲಗೈಯನ್ನು ಇದ್ದಲ್ಲಿಯೇ ಇಟ್ಟು ನುಡಿಸುತ್ತಿದ್ದೆವು. ಗುಂಡಿ ಮೂರೇ ಸಲ ಒತ್ತಿಹೋದರೆ ಗಾಯಕಿಯೂ ಗಿಟಾರೂ ಒಂದು ಊರಿನಲ್ಲಿ, ಕೀಬೋರ್ಡ್ ಇನ್ನೊಂದು ಊರಿನಲ್ಲಿ. ನಮ್ಮ ಗಾಯಕಿಗೆ ಆ ಎತ್ತರ ದಕ್ಕದಿದ್ದಾಗ ಹಾಡನ್ನೇ ಮೊದಲಿನಿಂದ ಕೆಳಗಿನ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಿದ್ದೆವು, ಆಗ ಚರಣದ ಸಾಲುಗಳು ಅವರ ಗಂಟಲಿನ ತಳದಲ್ಲಿ ಕೇಳಿಸದಂತಾಗುತ್ತಿದ್ದವು. ಅಷ್ಟು ಅಗಲದ ಹಾಡು ಅದು. ನನ್ನ ಆಕ್ಷೇಪಣೆ ಇರುವುದು ಆ ಜಿಗಿತದ ನಂತರದ ಡ್ರಮ್ಮುಗಳ ಅಬ್ಬರದ ಬಗ್ಗೆ ಮಾತ್ರ. ದನಿಯೇ ಎಲ್ಲವನ್ನೂ ಹೇಳುತ್ತಿರುವಾಗ ಆ ಗದ್ದಲದ ಅಗತ್ಯವಿರಲಿಲ್ಲ. ಆದರೂ ಡ್ರಮ್ಮಿಲ್ಲದೆ, ಗಾಯಕಿಯಿಲ್ಲದೆ, ಕೇವಲ ಕೊಳಲಿನಲ್ಲಿ ನುಡಿಸಿದರೂ ಗುರುತು ಹಿಡಿಯಬಹುದಾದ ಈ ರಾಗವನ್ನು ಕೆಟ್ಟ ಹಾಡು ಎನ್ನುವವರೊಡನೆ ನಾನು ವಾದಕ್ಕೆ ಸಿದ್ಧನಿದ್ದೇನೆ.

ಕಾರ್ಖಾನೆಯ ಆಪಾದನೆಗೆ ಬರುತ್ತೇನೆ. ಆ ಮಾತು ಯಾರಿಗಾದರೂ ಅನ್ವಯಿಸುವುದಾದರೆ ಅದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಶೈರಾನ್ ಸ್ಟುಡಿಯೊಗೆ. ಡೆನ್ನಿಸ್ ಪಾಪ್ ಎಂಬ ಹೆಸರಿನಿಂದ ಪ್ರಸಿದ್ಧರಾದ ನಿರ್ಮಾಪಕರು ಕಟ್ಟಿದ ಈ ಸ್ಟುಡಿಯೊದಲ್ಲಿ ಅವರ ಶಿಷ್ಯ ಮ್ಯಾಕ್ಸ್ ಮಾರ್ಟಿನ್ ಮತ್ತು ಸಂಗಡಿಗರು ಅಮೆರಿಕದ ಗಾಯಕರಿಗಾಗಿ ಹಾಡು ರಚಿಸಿ ಧ್ವನಿಮುದ್ರಿಸಿ ಕಳುಹಿಸುತ್ತಿದ್ದರು. ಡೆನ್ನಿಸ್ ಪಾಪ್ 1998ರ ಆಗಸ್ಟಿನಲ್ಲಿ, 35ನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಅಲ್ಲಿಂದ ಹೊರಬಂದ ಬ್ರಿಟ್ನಿ ಸ್ಪಿಯರ್ಸ್ ಅವರ ‘ಬೇಬಿ ಒನ್ ಮೋರ್ ಟೈಮ್’ 1999ರ ಜನವರಿಯಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದಕ್ಕಿಂತ ಮೊದಲು ಆ ಹಾಡನ್ನು ಟಿಎಲ್‌ಸಿ ಎಂಬ ತಂಡಕ್ಕೆ ಕೊಡಲು ಹೋಗಿ, ಅವರು ಬೇಡವೆಂದದ್ದರಿಂದ ಅದು ಹದಿಹರೆಯದ ಈ ಹುಡುಗಿಯ ಪಾಲಿಗೆ ಬಂತು. ಹಾಡು ಒಬ್ಬರಿಗೆ ಬೇಡವಾದರೆ ಇನ್ನೊಬ್ಬರಿಗೆ ಎಂಬ ಈ ಪದ್ಧತಿಯಲ್ಲಿ ಆತ್ಮಾಭಿವ್ಯಕ್ತಿ ಎಲ್ಲಿದೆ ಎಂದು ನಿಮ್ಮ ಓದುಗರು ಕೇಳಿಯಾರು. ನಮ್ಮ ಚಿತ್ರಗೀತೆಗಳಲ್ಲಿ ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ, ಬರೆದವರು ಮತ್ತೂ ಬೇರೆ ಎಂಬುದನ್ನು ಇಷ್ಟು ವರ್ಷ ಒಪ್ಪಿಕೊಂಡು ಬಂದ ನಮಗೆ ಆ ಪ್ರಶ್ನೆ ಶೋಭಿಸುವುದಿಲ್ಲ.

ಅದೇ ಸ್ಟುಡಿಯೊದ ಇನ್ನೊಂದು ಹಾಡು, ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡದ ‘ಐ ವಾಂಟ್ ಇಟ್ ದಟ್ ವೇ’. ಮ್ಯಾಕ್ಸ್ ಮಾರ್ಟಿನ್ ಮತ್ತು ಆಂಡ್ರಿಯಾಸ್ ಕಾರ್ಲ್‌ಸನ್ ರಚಿಸಿದ ಈ ಹಾಡು 1999ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದರೂ, ಬಿಡಿ ಮುದ್ರಿಕೆ ಇಲ್ಲದ ಕಾರಣ ಅಮೆರಿಕದಲ್ಲಿ 6ನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಇದರ ಸಾಲುಗಳು ಒಂದಕ್ಕೊಂದು ಕೂಡುವುದಿಲ್ಲವೆಂಬುದು ಲೋಕವಿದಿತ. ಪ್ರಿಯತಮೆ ದೂರ ಹೋಗುತ್ತಿದ್ದಾಳೋ ಹತ್ತಿರ ಬರುತ್ತಿದ್ದಾಳೋ, ಬೇಕೆಂದದ್ದು ಏನು ಬೇಡವೆಂದದ್ದು ಏನು ಎಂಬುದು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಬಗೆಹರಿದಿಲ್ಲ. ಅರ್ಥ ಸರಿಹೊಂದುವಂತೆ ತಿದ್ದಿದ ಪಾಠವೊಂದನ್ನು ಧ್ವನಿಮುದ್ರಿಸಿಯೂ ನೋಡಿದರು; ಕೊನೆಗೆ ತಂಡದವರು ಅರ್ಥ ಕೂಡದ ಮೊದಲಿನದನ್ನೇ ಉಳಿಸಿಕೊಂಡರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಇಂಗ್ಲಿಷ್ ತಾಯ್ನುಡಿಯಲ್ಲದ ಸ್ವೀಡನ್ನಿನವರು ಮೊದಲು ರಾಗ ಹಾಕಿ, ಆ ರಾಗದ ಏರಿಳಿತಕ್ಕೆ ಯಾವ ಅಕ್ಷರ ಬಾಯಲ್ಲಿ ಹಿತವಾಗಿ ತಿರುಗುತ್ತದೆಯೋ ಅದನ್ನು ಹುಡುಕಿ ಕೂರಿಸುತ್ತಿದ್ದರು. ಇತ್ತ ಬೈತಖೋಲಿನಲ್ಲಿಯೋ ಕೋಡಿಬಾಗದಲ್ಲಿಯೋ ಅದನ್ನು ಕೇಳುತ್ತಿದ್ದ ಹುಡುಗರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಾಹಿತ್ಯವನ್ನು ದನಿಯೆಂದೇ ತಿಳಿದು ಬರೆದವರಿಗೆ ದನಿಯೆಂದೇ ತಿಳಿದು ಕೇಳುವವರು ಸಿಕ್ಕರು. ಲಂಡನ್ನಿನ ವಿಮರ್ಶಕರಿಗೆ ತೊಡಕಾದದ್ದು ಕಾರವಾರದ ಕೇಳುಗರಿಗೆ ತೊಡಕಾಗಲೇ ಇಲ್ಲ. ಒಂದು ಪದದ ಅರ್ಥವನ್ನೂ ಕೇಳದೆ ಪೆಂಡಾಲಿನ ತುಂಬ ಹುಡುಗರು ಪಲ್ಲವಿಗೆ ದನಿ ಸೇರಿಸುತ್ತಿದ್ದರು. ಕೊನೆಯಲ್ಲಿ ಹಾಡು ಒಂದು ಪೂರ್ಣ ಸ್ವರ ಮೇಲೇರುವಾಗ ಅವರೂ ತಪ್ಪದೆ ಏರುತ್ತಿದ್ದರು, ಅವರಿಗೆ ಯಾವ ಗುಂಡಿಯೂ ಬೇಕಿರಲಿಲ್ಲ.

ಹೀಗೆ ಒಂದೇ ಅಚ್ಚಿನಲ್ಲಿ ಹಲವು ಹಾಡು ಎರಕ ಹೊಯ್ಯುವುದನ್ನು ದೋಷವೆಂದು ಭಾವಿಸುವವರು ನಮ್ಮ ಜಿಲ್ಲೆಯ ಯಕ್ಷಗಾನವನ್ನು ಒಮ್ಮೆ ನೆನೆಯಬೇಕು. ಒಂದು ಪ್ರಸಂಗದ ಪದದ ಮಟ್ಟಿನಲ್ಲಿಯೇ ಇನ್ನೊಂದು ಪ್ರಸಂಗದ ಪದ ಬರೆಯುವುದು ನಮ್ಮ ಕವಿಗಳ ಸಂಪ್ರದಾಯ. ಭಾಗವತರ ಶಾರೀರ, ತಾಳದ ಹಿಡಿತ, ಆ ರಾತ್ರಿಯ ಮನೋಧರ್ಮ ಇವು ಸೇರಿದಾಗ ಆ ಹಳೆಯ ಮಟ್ಟು ಹೊಸದಾಗುತ್ತದೆ. ಮ್ಯಾಕ್ಸ್ ಮಾರ್ಟಿನ್ ಸಂಗೀತ ಕಲಿತದ್ದು ಸ್ವೀಡನ್ನಿನ ಸಾರ್ವಜನಿಕ ಸಂಗೀತ ಶಾಲೆಯಲ್ಲಿ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸರ್ಕಾರದ ಖರ್ಚಿನಲ್ಲಿ ಮಕ್ಕಳಿಗೆ ವಾದ್ಯ ಕಲಿಸಿದ ದೇಶವೊಂದು ಲೋಕಕ್ಕೆಲ್ಲ ಹಾಡು ಮಾರಿತು. ನಮ್ಮ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ಎಷ್ಟಿವೆ, ಎಷ್ಟು ಖಾಲಿ ಇವೆ ಎಂದು ಕೇಳುವುದು ಈ ಪತ್ರದ ವಿಷಯವಲ್ಲವಾದ್ದರಿಂದ ಬಿಡುತ್ತೇನೆ.

ಶೆರ್ ಅವರ ‘ಬಿಲೀವ್’ ಬಗ್ಗೆ ನನ್ನ ಮನಸ್ಸು ಎರಡಾಗಿದೆ. 1998ರ ಕೊನೆಯಲ್ಲಿ ಬಂದು ಬ್ರಿಟನ್ನಿನಲ್ಲಿ 7 ವಾರ ಮೊದಲ ಸ್ಥಾನದಲ್ಲಿದ್ದ ಈ ಹಾಡಿನಲ್ಲಿ ಗಾಯಕಿಯ ದನಿ ಅಲ್ಲಲ್ಲಿ ಯಂತ್ರದಂತೆ ಮುರಿದು ಮುರಿದು ಕೇಳಿಸುತ್ತದೆ. ಅದು ಆಟೋಟ್ಯೂನ್ ಎಂಬ ತಂತ್ರಾಂಶದ ಕೆಲಸ. ಭೂಮಿಯೊಳಗಿನ ತೈಲ ಹುಡುಕಲು ಧ್ವನಿತರಂಗಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್ ಅದೇ ಗಣಿತವನ್ನು ಬಳಸಿ, ಶ್ರುತಿ ತಪ್ಪಿದ ಸ್ವರವನ್ನು ಯಾರಿಗೂ ತಿಳಿಯದಂತೆ ತಿದ್ದಲು 1997ರಲ್ಲಿ ಅದನ್ನು ತಂದರು. ಈ ಹಾಡಿನ ನಿರ್ಮಾಪಕರು ಅದನ್ನು ಎಲ್ಲರಿಗೂ ತಿಳಿಯುವಷ್ಟು ಬಿಗಿಯಾಗಿ ತಿರುಗಿಸಿದರು, ಮೊದಮೊದಲು ಬೇರೆ ಯಾವುದೋ ಉಪಕರಣದ ಹೆಸರು ಹೇಳಿ ಗುಟ್ಟನ್ನು ಕಾಪಾಡಿಕೊಂಡರು. ಐವತ್ತು ದಾಟಿದ, ಗಟ್ಟಿ ಗಂಟಲಿನ ಗಾಯಕಿ ಬೇಕೆಂದೇ ಹಾಗೆ ಮಾಡಿದಾಗ ಅದೊಂದು ಅಲಂಕಾರ; ರಾಗ ಬಲವಾಗಿರುವುದರಿಂದ ಅಲಂಕಾರ ತೆಗೆದರೂ ಹಾಡು ನಿಲ್ಲುತ್ತದೆ. ಆ ಬಳಿಕ ಶ್ರುತಿಯ ಅಭ್ಯಾಸವಿಲ್ಲದವರೆಲ್ಲರಿಗೂ ಅದು ಊರುಗೋಲಾಯಿತು. ಹಾಡಿನ ಬಗ್ಗೆ ನನಗೆ ಮೆಚ್ಚುಗೆಯಿದೆ, ಅದು ತೆರೆದ ಬಾಗಿಲಿನ ಬಗ್ಗೆ ಇಲ್ಲ.

ಕುಣಿತದ ಹಾಡುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1996ರಲ್ಲಿ ಅಮೆರಿಕದ ಪಟ್ಟಿಯ ಮೇಲ್ಗಡೆ 14 ವಾರ ಕುಳಿತ ‘ಮಕರೇನಾ’ದಿಂದ ಕೈಕಾಲಿನ ವರಸೆಗಳನ್ನು ಕಳೆದರೆ ಉಳಿಯುವುದು ಸೊನ್ನೆ. ಐಫೆಲ್ 65 ತಂಡದ ‘ಬ್ಲೂ’ ಹಾಡಿನಲ್ಲಿ ಪಿಯಾನೋದ ಒಂದು ತುಣುಕು ಒಳ್ಳೆಯದಿದೆ, ಅದನ್ನೇ ಮೂರು ಮುಕ್ಕಾಲು ನಿಮಿಷ ಕೇಳಬೇಕು. ‘ಮ್ಯಾಂಬೊ ನಂಬರ್ 5’ ಹಾಡಿನಲ್ಲಿ ಲೂ ಬೇಗಾ ಅವರದ್ದೆಂದು ಜನ ಕುಣಿದದ್ದರ ಜೀವ ಕ್ಯೂಬಾದ ಪೆರೆಜ್ ಪ್ರಾದೊ ಅವರ, ಆ ಕಾಲಕ್ಕೇ ಐವತ್ತು ವರ್ಷ ಹಿಂದಿನದಾಗಿದ್ದ ವಾದ್ಯಸಂಗೀತದ ಹಿತ್ತಾಳೆ ವಾದ್ಯಗಳಲ್ಲಿದೆ. ಇವುಗಳ ನಡುವೆ ಆಕ್ವಾ ತಂಡದ ‘ಬಾರ್ಬಿ ಗರ್ಲ್’ ಹಾಡನ್ನು ನಾನು ಪಕ್ಕಕ್ಕೆ ತೆಗೆದಿಡುತ್ತೇನೆ. ನಮ್ಮ ಕಡೆ ಅದನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಪುಟ್ಟ ಹುಡುಗಿಯರಿಗೆ ಕೆಂಪು ರಿಬ್ಬನ್ನು ಕಟ್ಟಿ ಕುಣಿಸಿದ್ದಾರೆ. ಆದರೆ ಅದು ಮಕ್ಕಳ ಹಾಡಲ್ಲ, ಹೆಣ್ಣನ್ನು ಗೊಂಬೆಯಾಗಿಸುವುದರ ಕುಚೋದ್ಯ. ಗೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ ಮೊಕದ್ದಮೆ ಹೂಡಿದಾಗ, 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ ಅದು ವಿಡಂಬನೆ ಎಂದೇ ಹೇಳಿ ಎರಡೂ ಕಡೆಯವರು ಸುಮ್ಮನಿರಿ ಎಂದು ತಿಳಿಹೇಳಿತು. ರಾಗವೂ ಚುರುಕು. ಹಾರ್ಮೋನಿಯಮ್ಮಿನಲ್ಲಿ ನುಡಿಸಿದರೆ ಕಂಪನಿ ನಾಟಕದ ಹಾಸ್ಯಗೀತೆಯಂತೆ ಕೇಳಿಸುತ್ತದೆ.

ಲೇಖಕರು ‘ಬ್ರಿಮ್‌ಫುಲ್ ಆಫ್ ಆಶಾ’ ಹಾಡನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಬೇಸರ ತಂದ ಇನ್ನೊಂದು ಸಂಗತಿ. ಪಂಜಾಬಿ ಮೂಲದ ಜಿಂದರ್ ಸಿಂಗ್ ಅವರ ಕಾರ್ನರ್‌ಶಾಪ್ ತಂಡ ಆಶಾ ಭೋಸ್ಲೆ ಅವರನ್ನು ಕುರಿತು ಇಂಗ್ಲಿಷಿನಲ್ಲಿ ಕಟ್ಟಿದ ಈ ಹಾಡು 1997ರಲ್ಲಿ ಮೊದಲು ಬಂದಾಗ ಬ್ರಿಟನ್ನಿನ ಪಟ್ಟಿಯಲ್ಲಿ 60ನೇ ಸ್ಥಾನದಲ್ಲಿ ಕಂಡು ಮರೆಯಾಯಿತು. ನಾರ್ಮನ್ ಕುಕ್ ಎಂಬ ಬ್ರಿಟಿಷ್ ಡಿಜೆ ಅದರ ವೇಗ ಹೆಚ್ಚಿಸಿ, ಡ್ರಮ್ಮು ಸೇರಿಸಿ ಮರುಮಿಶ್ರಣ ಮಾಡಿದ ಪಾಠ 1998ರ ಫೆಬ್ರುವರಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಂದೇ ಹಾಡು, ಒಂದೇ ಸಾಹಿತ್ಯ, ಒಂದೇ ಗಾಯಕ. 60ಕ್ಕೂ 1ಕ್ಕೂ ನಡುವಿನ ಅಂತರವನ್ನು ತುಂಬಿದ್ದು ಡ್ರಮ್ಮು. ನನಗೆ ಇಂದಿಗೂ ಇಷ್ಟವಾಗುವುದು ಗಿಟಾರಿನ ಎಳೆಯೊಂದರ ಮೇಲೆ ಆರಾಮವಾಗಿ ನಡೆಯುವ ಆ ನಿಧಾನದ ಪಾಠವೇ. ಮಂಗೇಶ್ಕರ್ ಕುಟುಂಬದ ಹೆಸರು ಬಂದದ್ದು ಗೋವೆಯ ಮಂಗೇಶಿಯಿಂದ. ಕುಲದೇವರ ದರ್ಶನಕ್ಕೆಂದು ಕಾರವಾರದ ಎಷ್ಟೋ ಮನೆಗಳವರು ವರ್ಷವೂ ಹೋಗಿಬರುವ ಊರು ಅದು. ಬ್ರಿಟನ್ನಿನ ಒಂದು ವಾರದ ಅತ್ಯಂತ ಜನಪ್ರಿಯ ಹಾಡು ನಮ್ಮ ನೆರೆಯ ಆ ಮನೆತನದ ಮಗಳ ಗುಣಗಾನವಾಗಿತ್ತೆಂಬುದನ್ನು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳಬಹುದಿತ್ತು.

ಭಾರತದ ಪಾಪ್ ಹಾಡುಗಳಿಗೂ ಲೇಖಕರು ಜಾಗ ಕೊಡಬೇಕಿತ್ತು. ಲಕ್ಕಿ ಅಲಿ ಅವರ 1996ರ ‘ಓ ಸನಮ್’ ನಾನು ಮೇಲೆ ಹೆಸರಿಸಿದ ಯಾವ ಇಂಗ್ಲಿಷ್ ಹಾಡಿಗೂ ಕಡಿಮೆಯದ್ದಲ್ಲ. ಪಳಗದ, ಸ್ವಲ್ಪ ಒಡಕು ಎನ್ನಿಸುವ ಆ ದನಿಯನ್ನು ಅನುಕರಿಸಲು ನಮ್ಮ ತಂಡದ ತರಬೇತಾದ ಗಾಯಕರಿಗೆ ಕೊನೆಗೂ ಆಗಲಿಲ್ಲ. ಅವರು ಹಾಡಿದರೆ ಗಜಲ್ ಆಗುತ್ತಿತ್ತು. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯ ಕಲೋನಿಯಲ್ ಕಸಿನ್ಸ್ ಆಲ್ಬಮ್ಮಿನ ಬಗ್ಗೆಯೂ ಗೌರವವಿದೆ, ಪ್ರೀತಿ ಅಷ್ಟಿಲ್ಲ. ದಲೇರ್ ಮೆಹಂದಿ ಅವರ 1998ರ ‘ತುನಕ್ ತುನಕ್ ತುನ್’ ಅರ್ಥದ ಗೊಡವೆಯನ್ನೇ ಇಟ್ಟುಕೊಳ್ಳದೆ ಗೆದ್ದ ಹಾಡು, ಸ್ಟಾಕ್‌ಹೋಮಿನವರಿಗೆ ಸರಿಜೋಡಿ.

ಮಕ್ಕಳ ಕಿವಿ ಕೆಟ್ಟಿತೆಂಬ ಓದುಗರ ದೂರಿಗೆ ಒಂದು ಮಾತು. ನಮ್ಮ ಯಾಣದ ಬಂಡೆಗಳನ್ನು ನಾಡಿಗೆಲ್ಲ ತೋರಿಸಿದ 1996ರ ‘ನಮ್ಮೂರ ಮಂದಾರ ಹೂವೇ’ ಚಿತ್ರಕ್ಕೆ ಇಳಯರಾಜ ಅವರು ಮಾಡಿದ ಹಾಡುಗಳಾಗಲಿ, ಮರುವರ್ಷದ ‘ಅಮೃತವರ್ಷಿಣಿ’ಯ ಹಾಡುಗಳಾಗಲಿ ಬಂದದ್ದು ಈ ಇಂಗ್ಲಿಷ್ ಹಾಡುಗಳ ಕಾಲದಲ್ಲಿಯೇ. ಒಂದೇ ಪೆಂಡಾಲಿನಲ್ಲಿ, ಒಂದೇ ಸಂಜೆ, ಅದೇ ಹುಡುಗರು ಎರಡನ್ನೂ ಚೀಟಿಯಲ್ಲಿ ಬರೆದು ವೇದಿಕೆಗೆ ಕಳುಹಿಸುತ್ತಿದ್ದರು. 1998ರಲ್ಲಿ ‘ಎ’ ಚಿತ್ರದ ಮೂಲಕ ಗುರುಕಿರಣ್ ಅವರ ಹಾಡುಗಳು ಬಂದಾಗ, ಪಾಶ್ಚಾತ್ಯ ಹಾಡುಗಳಿಗೆಂದು ಆಕ್ಟೋಪ್ಯಾಡ್ ಎಂಬ ವಿದ್ಯುನ್ಮಾನ ತಾಳವಾದ್ಯದಲ್ಲಿ ಕೂಡಿಸಿಟ್ಟುಕೊಂಡಿದ್ದ ತಾಳದ ಮಾದರಿಗಳು ನಮಗೆ ಹಾಗೆಯೇ ಉಪಯೋಗಕ್ಕೆ ಬಂದವು. ಕೆಟ್ಟ ಕಿವಿಗಳಾಗಿದ್ದರೆ ಎರಡರಲ್ಲೊಂದನ್ನು ಬಿಡಬೇಕಿತ್ತು.

ಆದುದರಿಂದ ನನ್ನ ವಿನಂತಿ ಇಷ್ಟು: ಲೇಖನದ ಜೊತೆ ಪ್ರಕಟಿಸಿದ ಹತ್ತು ಹಾಡುಗಳ ಪಟ್ಟಿಯನ್ನು ಮುಂದೆ ಎಂದಾದರೂ ಪುನಃ ಅಚ್ಚು ಹಾಕುವುದಾದರೆ ಅದರಿಂದ ‘ಮಕರೇನಾ’ ಮತ್ತು ‘ಕ್ಯಾಂಡಲ್ ಇನ್ ದ ವಿಂಡ್ 1997’ ಎರಡನ್ನೂ ಕೈಬಿಟ್ಟು, ‘ಟಾರ್ನ್’ ಹಾಗೂ ‘ಓ ಸನಮ್’ ಹಾಡುಗಳನ್ನು ಸೇರಿಸಬೇಕು, ‘ಬ್ರಿಮ್‌ಫುಲ್ ಆಫ್ ಆಶಾ’ ಹಾಡಿನ ಯಾವ ಪಾಠವನ್ನು ಉದ್ದೇಶಿಸಲಾಗಿದೆ ಎಂಬುದನ್ನೂ ಸ್ಪಷ್ಟಪಡಿಸಬೇಕು. ‘ಮೈ ಹಾರ್ಟ್ ವಿಲ್ ಗೋ ಆನ್’ ಇರುವಲ್ಲಿಯೇ ಇರಲಿ.

ತಮ್ಮ ವಿಶ್ವಾಸಿ,
ಹಳೆಯ ಕೀಬೋರ್ಡ್ ವಾದಕ,
ಕೋಡಿಬಾಗ, ಕಾರವಾರ